ಹೆಸರು ಬಾರದ ಹನ್ನೊಂದು ತಿಂಗಳು

ಬೆಳಗಿನ ಏಳು ಗಂಟೆ ನಲವತ್ತು ನಿಮಿಷಕ್ಕೆ ಹಾರುಬಂಡಿ ಗದಗಿನ ಜೀವರಕ್ಷಣಾ ಠಾಣೆಯ ಇಳಿದಾಣದ ಮೇಲೆ ಬಂದು ಕೂತಿತು. ಮುಂಡರಗಿಯ ಕಡೆಯ ಹಳ್ಳಿಯೊಂದರಿಂದ ತಂದ ಬಾಣಂತಿಯನ್ನು ಆಸ್ಪತ್ರೆಯ ಮಹಡಿಯ ಮೇಲೆ ಇಳಿಸಿ ಬಂದದ್ದಾಗಿತ್ತು. ಚಾಲಕಿ ಸುನಂದಾ ಬಾರಕೇರ ಇಳಿದು ಕೈಗವಸು ತೆಗೆಯುತ್ತಿದ್ದಾಗ ಆಸ್ಪತ್ರೆಯಿಂದ ಸುದ್ದಿ ಬಂತು. ರಕ್ತಸ್ರಾವ ನಿಂತಿದೆ, ತಾಯಿ ಕೂಸು ಇಬ್ಬರೂ ಕ್ಷೇಮ.

ಆಗ ಚಹಾದ ಕೋಣೆಯ ಗೋಡೆಗೆ ಹಿಂದಿನ ದಿನವಷ್ಟೇ ಕೂರಿಸಿದ್ದ ಚೌಕನೆಯ ಡಬ್ಬಿಯೊಂದರ ಹಸಿರು ದೀಪ ಹತ್ತಿಕೊಂಡಿತು. ಅದರೊಳಗಿಂದ ಶಾಂತವಾದ ಹೆಣ್ಣುಧ್ವನಿ ಕೇಳಿಸಿತು.

“ತಾಯಿ ಮತ್ತು ಕೂಸು ಉಳಿದಿದ್ದಾರೆ. ಇದರಲ್ಲಿ ಈ ಠಾಣೆಯ ನಾಲ್ವರ ಕೈ ಇದೆ. ಸುನಂದಾ ಬಾರಕೇರ ಅವರು ಗುಡ್ಡದ ಮೇಲಿಂದ ಬರದೆ ಪಕ್ಕದಿಂದ ಬಳಸಿ ಬಂದು ಎದುರುಗಾಳಿ ತಪ್ಪಿಸಿದರು, ಆರು ನಿಮಿಷ ಉಳಿಯಿತು. ಶುಶ್ರೂಷಕ ಮೈಲಾರಪ್ಪ ಅವರು ದಾರಿಯುದ್ದಕ್ಕೂ ತಾಯಿಯ ಕಿಬ್ಬೊಟ್ಟೆಯನ್ನು ಅದುಮಿ ಹಿಡಿದಿದ್ದರು. ದಾವಲಸಾಬ ನದಾಫ ಅವರು ನಿನ್ನೆ ಸಂಜೆ ಸೋತ ಬ್ಯಾಟರಿಯನ್ನು ಬದಲಿಸಿದ್ದರು. ದ್ಯಾಮವ್ವ ಅವರು ಬೆಳಗಿನ ಐದೂವರೆಗೆ ಇಳಿದಾಣದ ಜಲ್ಲಿಕಲ್ಲು ಗುಡಿಸಿದರು. ಆ ಕಲ್ಲು ಅಲ್ಲೇ ಇದ್ದಿದ್ದರೆ ಪಂಖಕ್ಕೆ ಸಿಡಿದು ಬಂಡಿ ಏಳುತ್ತಲೇ ಇರಲಿಲ್ಲ.”

ಬಾಗಿಲ ಬಳಿ ಕಸಬರಿಗೆ ಹಿಡಿದು ನಿಂತಿದ್ದ ದ್ಯಾಮವ್ವ ಬೆಚ್ಚಿದಳು. “ನನ್ನ ಹೆಸರ ಯಾಕ ತಗೀತ್ರಿ ಅದು? ನಾ ಏನ್ ತಪ್ಪ ಮಾಡೇನಿ?”

“ತಪ್ಪಲ್ಲ ಯವ್ವಾ,” ಎಂದ ಮೆಕ್ಯಾನಿಕ್ ದಾವಲಸಾಬ. “ನೀ ಕಲ್ಲ ಗುಡಿಸಿದ್ದಕ್ಕ ಬಂಡಿ ಎದ್ದೈತಂತ.”

“ಕಲ್ಲ ದಿನಾ ಗುಡಸ್ತೀನಿ. ಅದಕ್ಕೂ ಹೆಸರೇನು?”

ಅವಳು ಹೆದರಿದ್ದರಲ್ಲಿ ಅರ್ಥವಿತ್ತು. ಆ ಠಾಣೆಯಲ್ಲಿ ಒಬ್ಬರ ಹೆಸರನ್ನು ಗಟ್ಟಿಯಾಗಿ ಕರೆದರೆ ಅದು ದೂರಿಗಾಗಿಯೇ. ಹನ್ನೆರಡು ವರ್ಷದಿಂದ ಅದೇ ರೂಢಿ.

ಹಾರುಬಂಡಿ ಜೀವರಕ್ಷಣಾ ಸೇವೆ ಬಂದ ಮೇಲೆ ಉತ್ತರದ ಜಿಲ್ಲೆಗಳಲ್ಲಿ ರಸ್ತೆಯ ಆಂಬುಲೆನ್ಸುಗಳು ತಾಲ್ಲೂಕಿಗೊಂದರಂತೆ ಮಾತ್ರ ಉಳಿದಿದ್ದವು. ನಾಲ್ಕು ಪಂಖಗಳ ಮೇಲೆ ಏಳುವ ಬಂಡಿ, ಎರೆಮಣ್ಣಿನ ಹೊಲಗಳ ಮೇಲಿಂದ ಹಾಯ್ದು ಹದಿನೈದು ನಿಮಿಷದಲ್ಲಿ ಯಾವ ಹಳ್ಳಿಯನ್ನಾದರೂ ಮುಟ್ಟುತ್ತಿತ್ತು. ಗದಗಿನ ಠಾಣೆಯಲ್ಲಿ ಒಂಬತ್ತು ಮಂದಿ. ಕೆಲಸದಲ್ಲಿ ಒಬ್ಬರಿಗಿಂತ ಒಬ್ಬರು ಗಟ್ಟಿ. ಆದರೆ ಒಬ್ಬರ ಮುಖ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಆ ವರ್ಷ ಮೂವರು ವರ್ಗಾವಣೆಗೆ ಅರ್ಜಿ ಹಾಕಿದ್ದರು.

ಠಾಣಾಧಿಕಾರಿ ಗುರುಪಾದಪ್ಪ ಅಂಗಡಿ. ಐವತ್ತಾರು ವರ್ಷ, ತೆಳ್ಳನೆಯ ಮೈ, ಇಸ್ತ್ರಿ ಮಾಡಿದ ಬಿಳಿಯ ಅಂಗಿ. ಒಳ್ಳೆಯ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. “ಮಾಡೂ ಕೆಲಸ ಮಾಡ್ಯಾರ. ಅದಕ್ಕೇನ್ ಆರತಿ ಎತ್ತೂದು?” ಎಂಬುದು ಅವರ ಮಾತು. ಕೆಟ್ಟ ಮನುಷ್ಯರೇನಲ್ಲ. ಹೊಗಳಿದರೆ ಕೈ ಸಡಿಲವಾಗುತ್ತದೆ, ಸಡಿಲವಾದ ಕೈಯಿಂದ ಬಂಡಿ ಬೀಳುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು.

ಡಬ್ಬಿಯನ್ನು ತಂದವರು ಧಾರವಾಡದ ಡಾ. ವಿಮಲಾ ಇನಾಮದಾರ. ಕೂಡಿ ಕೆಲಸ ಮಾಡುವವರ ನಡುವೆ ಏನು ಕೆಡುತ್ತದೆ ಎಂಬುದನ್ನೇ ಇಪ್ಪತ್ತು ವರ್ಷ ಅಭ್ಯಾಸ ಮಾಡಿದ ವಿಜ್ಞಾನಿ. ಯಂತ್ರಕ್ಕೆ ಅವರು ಇಟ್ಟ ಹೆಸರು ಉಪಕಾರದರ್ಶಕ. ಠಾಣೆಯವರ ಬಾಯಲ್ಲಿ ಅದು ಮೊದಲ ವಾರದಲ್ಲೇ ಹೆಸರಿನ ಡಬ್ಬಿಯಾಯಿತು.

“ಅದಕ್ಕ ಹೆಂಗ ಗೊತ್ತಾಗತೈತ್ರಿ, ಕಲ್ಲಿನ ಸಂಗತಿ?” ಎಂದು ದಾವಲಸಾಬ ಕೇಳಿದ. ಯಾವ ಯಂತ್ರವನ್ನೂ ಬಿಚ್ಚಿ ನೋಡದೆ ನಂಬುವವನಲ್ಲ ಅವನು.

ವಿಮಲಾ ಅವರು ಅವನ ಕೊರಳಪಟ್ಟಿಗೆ ಸಿಕ್ಕಿಸಿದ್ದ ಕಡಲೆಕಾಳಿನಷ್ಟು ಗಾತ್ರದ ಗುಂಡಿಯನ್ನು ತೋರಿಸಿದರು. “ಇದು ಅರಿವುಗುಂಡಿ. ನಿಮ್ಮ ಕೈ ಏನೇನ್ ಮಾಡ್ತದ ಅನ್ನೂದನ್ನ ನೋಡ್ತದ. ಗುಂಡಿ ಮಾತು ಕೇಳಿಸಿಕೊಳ್ಳೂದಿಲ್ಲ, ಡಬ್ಬಿ ಮುಂದ ನಿಂತು ಕೇಳಿದ್ರ ಅಷ್ಟ ಅದಕ್ಕ ಕೇಳಸ್ತದ, ಹೆದರಬ್ಯಾಡ್ರಿ. ಒಂದು ಜೀವ ಉಳೀತು ಅಂತ ಸುದ್ದಿ ಬಂದ ಕೂಡ್ಲೆ ಯಂತ್ರ ಹಿಂದಕ್ಕ ಹೋಗ್ತದ. ನೀವು ಬ್ಯಾಟರಿ ಬದಲು ಮಾಡಿದ್ದೊಂದನ್ನ ತಗದು, ಉಳಿದದ್ದೆಲ್ಲಾ ಇದ್ದಂಗ ಇಟ್ಟು, ಆ ದಿನಾನ ಮತ್ತ ಓಡಿಸಿ ನೋಡ್ತದ. ಹತ್ತು ಸಾವಿರ ಸಲ. ಅಷ್ಟೂ ಸಲದಾಗ ಜೀವ ಉಳೀಲಿಲ್ಲ ಅಂದ್ರ, ನಿಮ್ಮ ಹೆಸರು ಹೇಳ್ತದ. ಇದಕ್ಕ ಅಭಾವಗಣನೆ ಅಂತೀವಿ.”

“ಅಂದ್ರ ನಾ ಇರದಿದ್ರ ಏನಾಕ್ಕಿತ್ತು ಅಂತ.”

“ಬರೋಬ್ಬರಿ.”

ದಾವಲಸಾಬ ಡಬ್ಬಿಯ ಮೈ ಸವರಿದ. “ನನ್ನ ಹೇಣತಿ ಕೇಳಬೇಕಿತ್ತು ಇದನ್ನ,” ಎಂದ.

ವಿಮಲಾ ಅವರು ಅದಕ್ಕೂ ವ್ಯವಸ್ಥೆ ಮಾಡಿದರು. ಡಬ್ಬಿ ಹೇಳಿದ ಮಾತು ಆಯಾ ಮನೆಯವರ ಫೋನಿಗೂ ಹೋಗತೊಡಗಿತು.

ಮೊದಮೊದಲು ಎಡವಟ್ಟುಗಳಾದವು. ಮೈಲಾರಪ್ಪನೂ ದಾವಲಸಾಬನೂ ತಮ್ಮ ಹೆಸರು ಬರಲೆಂದು ರೋಗಿಯ ಸ್ಟ್ರೆಚರಿನ ಹಿಡಿಕೆಗೆ ಕಿತ್ತಾಡಿ, ಸ್ಟ್ರೆಚರು ಬಾಗಿಲಿಗೆ ಬಡಿದು, ಒಳಗಿದ್ದ ಮುದುಕಿ ಇಬ್ಬರಿಗೂ ಬೈದಳು. ಆದರೆ ಡಬ್ಬಿಗೆ ಮೋಸ ಮಾಡುವುದು ಸಾಧ್ಯವಿರಲಿಲ್ಲ. ನೀನಲ್ಲದಿದ್ದರೆ ಪಕ್ಕದವನು ಆ ಕೆಲಸ ಮಾಡುತ್ತಿದ್ದ ಎಂದಾದರೆ ಅದು ಹೆಸರು ಹೇಳುತ್ತಿರಲಿಲ್ಲ. ಹಿಡಿಕೆಯ ಜಗಳ ತಾನಾಗಿ ನಿಂತಿತು. ಯಾರೂ ನೋಡದ ಮೂಲೆಗಳಲ್ಲಿ ಕೆಲಸ ಚುರುಕಾಯಿತು. ಸವೆದ ಪಟ್ಟಿ, ಸಡಿಲವಾದ ಕೊಂಡಿ, ಅವಧಿ ಮೀರುತ್ತಿರುವ ಔಷಧದ ಬಾಟಲಿ. ಅವುಗಳ ಮೇಲೆ ಕಣ್ಣು ಹೋಗತೊಡಗಿತು.

ಇನ್ನೊಂದು ಸಂಗತಿಯೂ ನಡೆಯಿತು. ಒಬ್ಬರಿಗೊಬ್ಬರ ಕೆಲಸ ತಿಳಿಯಿತು. ದಾವಲಸಾಬ ದಿನಕ್ಕೆ ಇನ್ನೂರು ನಟ್ಟುಗಳನ್ನು ಮುಟ್ಟಿ ನೋಡುತ್ತಾನೆ ಎಂದು ಸುನಂದಾಗೆ ಗೊತ್ತೇ ಇರಲಿಲ್ಲ. ಒಂದು ಮಧ್ಯಾಹ್ನ ಅವಳು ಬಜಾರದಿಂದ ಬರುವಾಗ ಬಿಸಿ ಮಿರ್ಚಿಭಜಿಯ ಪೊಟ್ಟಣ ತಂದು ಅವನ ಮುಂದಿಟ್ಟಳು. “ಏನವಾ ಇದು?” ಎಂದ ಅವನು. “ಭಜಿ ಅಲ್ಲೇನ್ರಿ, ತಿನ್ರಿ,” ಎಂದಳು. ಎಂಟು ವರ್ಷ ಒಟ್ಟಿಗೆ ದುಡಿದ ಮೇಲೆ ಅವರಿಬ್ಬರೂ ಕೂತು ತಿಂದದ್ದು ಅದೇ ಮೊದಲು.

ದ್ಯಾಮವ್ವ ಮಾತ್ರ ಕೆಲಸ ಮುಗಿದ ಮೇಲೆ, ಯಾರೂ ಇಲ್ಲದ ಹೊತ್ತು ನೋಡಿ, “ನಂದೊಂದ್ ಸಲ ಹಚ್ಚ,” ಎಂದು ಡಬ್ಬಿಗೆ ಹೇಳುತ್ತಿದ್ದಳು. ಡಬ್ಬಿ ಹಚ್ಚುತ್ತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು.

ವರ್ಗಾವಣೆಯ ಮೂರು ಅರ್ಜಿಗಳೂ ವಾಪಸಾದವು. ಕೇಂದ್ರ ಕಚೇರಿ ಸಂತೋಷಪಟ್ಟು, ಉಳಿದ ಹತ್ತು ಠಾಣೆಗಳಿಗೂ ಡಬ್ಬಿ ಕಳಿಸಿತು.

ಗುರುಪಾದಪ್ಪನವರ ಹೆಸರು ಬಂದಿರಲಿಲ್ಲ. ಮೊದಲ ತಿಂಗಳು ಅದನ್ನು ಯಾರೂ ಗಮನಿಸಲಿಲ್ಲ, ಅವರೂ ಕೂಡ. ಮೂರನೆಯ ತಿಂಗಳಲ್ಲಿ ಮೈಲಾರಪ್ಪ ಚೇಷ್ಟೆಗೆ, “ಸಾಹೇಬ್ರ ಪಾಳಿ ಯಾವಾಗಪಾ?” ಎಂದ. ಎಲ್ಲರೂ ನಕ್ಕರು. ಕೋಣೆಯ ಹೊರಗೆ ನಿಂತಿದ್ದ ಗುರುಪಾದಪ್ಪನವರಿಗೆ ಅದು ಕೇಳಿಸಿತು. ಅಲ್ಲಿಂದ ಮುಂದೆ ಅವರು ಹಸಿರು ದೀಪ ಹತ್ತಿದಾಗಲೆಲ್ಲ ಏನೋ ಕೆಲಸದ ನೆಪದಿಂದ ಕಿಟಕಿಯ ಬಳಿ ಬಂದು ನಿಲ್ಲುವರು. ಹೆಸರುಗಳು ಮುಗಿದ ಮೇಲೆ ಚಹಾದ ಲೋಟ ಕೆಳಗಿಟ್ಟು ತಮ್ಮ ಕೋಣೆಗೆ ಹೋಗುವರು.

ಏಳನೆಯ ತಿಂಗಳು ವಿಮಲಾ ಅವರು ಪರೀಕ್ಷೆಗೆ ಬಂದಾಗ ಗುರುಪಾದಪ್ಪನವರು ಅವರನ್ನು ತಮ್ಮ ಕೋಣೆಯೊಳಗೆ ಕರೆದು, ಬಾಗಿಲು ಮುಂದೆ ಮಾಡಿ, ಬಹಳ ಹೊತ್ತು ಮೇಜಿನ ಮೇಲಿನ ಕಾಗದಗಳನ್ನು ಸರಿಪಡಿಸಿದರು.

“ಬಾಯಾರ, ಆ ಡಬ್ಬಿ ನನ್ನ ಗುಂಡಿ ಓದತೈತಿಲ್ರಿ?”

“ಓದ್ತದಲ್ರಿ. ನಿನ್ನೇನೇ ನೋಡೇನಿ.”

“ಕೆಟ್ಟಿಲ್ಲಲ?”

“ಇಲ್ಲ.” ವಿಮಲಾ ಅವರಿಗೆ ಆಗ ತಿಳಿಯಿತು. “ನಿಮ್ಮ ಕೆಲಸ ಸ್ವಲ್ಪ ದೂರದ್ದು ನೋಡ್ರಿ. ಮೇಲ್ವಿಚಾರಣೆ. ಅದು ಜೀವಕ್ಕ ನೇರ ಮುಟ್ಟೂದಿಲ್ಲ...”

“ಅಂದ್ರ ನಾ ಇರದಿದ್ರೂ ನಡೀತಿತ್ತು ಅಂತಾತು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವಿಮಲಾ ಅವರು ಧಾರವಾಡಕ್ಕೆ ಮರಳುವ ದಾರಿಯುದ್ದಕ್ಕೂ ಆ ಮಾತನ್ನೇ ಯೋಚಿಸಿದರು. ತಮ್ಮ ಯಂತ್ರ ಸುಳ್ಳು ಹೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ.

ಹನ್ನೊಂದನೆಯ ತಿಂಗಳ ಕೊನೆಗೆ ಕೇಂದ್ರ ಕಚೇರಿಯಿಂದ ಪತ್ರ ಬಂತು. ಹನ್ನೊಂದು ಠಾಣೆಗಳಲ್ಲೂ ಡಬ್ಬಿ ಹೇಳಿದ ಹೆಸರುಗಳನ್ನು ಅಲ್ಲಿ ಯಾರೋ ಒಟ್ಟುಗೂಡಿಸಿದ್ದರು. ಗದಗಿನ ಠಾಣೆ ನಾನೂರ ಹನ್ನೆರಡು ಜೀವ ಉಳಿಸಿದೆ, ಅದರಲ್ಲಿ ಠಾಣಾಧಿಕಾರಿಯ ಹೆಸರು ಒಮ್ಮೆಯೂ ಬಂದಿಲ್ಲ; ಉಳಿದ ಹತ್ತು ಠಾಣೆಗಳಲ್ಲೂ ಹಾಗೆಯೇ. ಆದ್ದರಿಂದ ಮುಂದಿನ ತಿಂಗಳ ಮೊದಲ ತಾರೀಕಿನಿಂದ ಎಲ್ಲ ಠಾಣೆಗಳಲ್ಲೂ ಆ ಹುದ್ದೆಯನ್ನು ತೆಗೆಯಲಾಗುವುದು. ಶ್ರೀ ಗುರುಪಾದಪ್ಪ ಅಂಗಡಿ ಅವರು ಬಿಡಿಭಾಗಗಳ ಉಗ್ರಾಣಕ್ಕೆ ಹಾಜರಾಗತಕ್ಕದ್ದು.

ಅವರು ಪತ್ರವನ್ನು ಎರಡು ಸಲ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡರು. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಅವರು ಕಪಾಟು ಖಾಲಿ ಮಾಡುತ್ತಿದ್ದುದನ್ನು ನೋಡಿ ದ್ಯಾಮವ್ವ ಕೇಳಿದಳು. ಹೇಳಲೇಬೇಕಾಯಿತು.

“ನೀವ್ ಒಂದ್ ಮಾತು ಬರೀರಲ್ಲ ಸಾಹೇಬ್ರ, ನಾ ಹೋಗೂದಿಲ್ಲಂತ,” ಎಂದ ದಾವಲಸಾಬ.

“ಏನಂತ ಬರೀಲಿ? ಯಂತ್ರ ಸುಳ್ಳ ಹೇಳೂದಿಲ್ಲ. ನಾಕ್ ವರ್ಷ ಸರ್ವೀಸ್ ಉಳದೈತಿ. ಉಗ್ರಾಣದಾಗ ಕುಂತ್ರೂ ಕಳೀತೈತಿ.”

ಉಳಿದ ಎಂಟು ಮಂದಿಯಲ್ಲಿ ಏಳು ಮಂದಿಗೆ ಕೆಡುಕೆನಿಸಿತು. ನಿಜ ಹೇಳಬೇಕೆಂದರೆ, ಸುನಂದಾಗೆ ಮಾತ್ರ ಒಳಗೊಳಗೇ ಹಗುರವೆನಿಸಿತು. ಅವಳು ಅವರೊಡನೆ ಎಷ್ಟೋ ಸಲ ಜಗಳವಾಡಿದ್ದಳು. ಹಾರಾಟ ತಡೆಯುವ ಅಧಿಕಾರ ಠಾಣಾಧಿಕಾರಿಗಿತ್ತು. ತಡೆದಾಗಲೆಲ್ಲ ಒಂದು ಹಾಳೆ ತುಂಬಬೇಕು, ಚಾಲಕರಿಗೆ ಒಪ್ಪಿಗೆಯಿಲ್ಲದಿದ್ದರೆ ಅದನ್ನೂ ಅದರ ಮೇಲೆ ಬರೆಯಬೇಕು. ಹಿಂದಿನ ನಾಲ್ಕು ವರ್ಷಗಳಲ್ಲಿ ಅಂಥ ಇಪ್ಪತ್ಮೂರು ಹಾಳೆಗಳಾಗಿದ್ದವು. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಸುನಂದಾಳ ದುಂಡನೆಯ ಅಕ್ಷರದಲ್ಲಿ, “ತಕ್ಕ ಕಾರಣವಿಲ್ಲದೆ ತಡೆದಿದ್ದಾರೆ,” ಎಂದಿತ್ತು.

ಗುರುಪಾದಪ್ಪನವರು ಹೊರಡಲು ಆರು ದಿನ ಉಳಿದಿತ್ತು. ಆಷಾಢದ ಗಾಳಿ. ಮಧ್ಯಾಹ್ನ ಎರಡು ಗಂಟೆಗೆ ಕಪ್ಪತಗುಡ್ಡದ ಆಚೆಯ ಬೆಳವಲಕೊಪ್ಪದಿಂದ ಕರೆ ಬಂತು. ಶೇಂಗಾ ಹೊಲದಲ್ಲಿ ಒಂಬತ್ತು ವರ್ಷದ ಹುಡುಗಿಗೆ ಹಾವು ಕಚ್ಚಿದೆ.

ಸುನಂದಾ ಓಡಿ ಬಂಡಿಯೇರಿದಳು. ಮೈಲಾರಪ್ಪ ಔಷಧದ ಪೆಟ್ಟಿಗೆ ಹಿಡಿದು ಹಿಂದೆಯೇ ಹತ್ತಿದ. ಪಂಖಗಳು ತಿರುಗತೊಡಗಿದವು. ಗುರುಪಾದಪ್ಪನವರು ಇಳಿದಾಣದ ಅಂಚಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಗುಡ್ಡದ ಕಡೆ ನೋಡಿದರು.

“ಇಲ್ಲ. ಬಂಡಿ ಏಳೂದು ಬ್ಯಾಡ.”

“ಸರ್, ಗಾಳಿ ಮಿತಿಯೊಳಗ ಐತ್ರಿ! ಮಾಪಕ ನೋಡ್ರಿ!”

“ಮಾಪಕ ಇಲ್ಲೀದು. ಗುಡ್ಡದ ಮ್ಯಾಲ ಆ ಮೂರು ಗಾಳಿಯಂತ್ರ ನೋಡು. ಎಡಕ್ಕಿನವು. ಮುಖ ತಿರಗಸ್ಯಾವ. ಉಳಿದವು ಇನ್ನೂ ಪಶ್ಚಿಮಕ್ಕ ಅದಾವ. ಅಲ್ಲಿ ಎರಡ ಗಾಳಿ ಕೂಡತಾವ. ಇಳಿ.”

“ಕೂಸು ಸಾಯತೈತ್ರಿ!”

“ಇಳಿ ಅಂದ್ನೆಲ್ಲ!”

ಪಂಖಗಳು ನಿಂತವು. ಮುಂಡರಗಿಯ ರಸ್ತೆ ಆಂಬುಲೆನ್ಸಿಗೆ ಸುದ್ದಿ ತಾನಾಗಿ ಹೋಗಿತ್ತು. ಮೈಲಾರಪ್ಪ ಬಂಡಿಯಿಂದ ಇಳಿಯುತ್ತಲೇ ದಾರಿಯ ಮೇಲಿನ ಆರೋಗ್ಯ ಕೇಂದ್ರಕ್ಕೆ ಫೋನು ಹಚ್ಚಿ, ಹಾವಿನ ವಿಷ ಇಳಿಸುವ ಚುಚ್ಚುಮದ್ದನ್ನು ರಸ್ತೆಗೇ ತಂದು ನಿಲ್ಲಲು ಹೇಳಿದ. ಸುನಂದಾ ಶಿರಸ್ತ್ರಾಣವನ್ನು ನೆಲಕ್ಕೆ ಒಗೆದು, ತಡೆಯ ಹಾಳೆ ತೆಗೆದುಕೊಂಡು, ಕಾಗದ ಹರಿಯುವಷ್ಟು ಒತ್ತಿ ಬರೆದಳು. ಇಪ್ಪತ್ನಾಲ್ಕನೆಯ ಹಾಳೆ.

ಅವಳು ಬರೆದು ಮುಗಿಸಿ ಹತ್ತು ನಿಮಿಷವಾಗಿರಲಿಲ್ಲ. ಗುಡ್ಡದ ಕಡೆಯಿಂದ ಕೆಂಪು ಧೂಳಿನ ಗೋಡೆಯೊಂದು ಎದ್ದು ಬಂತು. ಬ್ಯಾಟರಿ ಶೆಡ್ಡಿನ ಮೇಲಿನ ತಗಡುಗಳು ಹಪ್ಪಳದಂತೆ ಎದ್ದು ಹಾರಿದವು. ಒಂದು ತಗಡು ಇಳಿದಾಣದ ಮೇಲೆ ಉರುಳುತ್ತ ಹೋಗಿ ಬೇಲಿಗೆ ಸಿಕ್ಕಿಕೊಂಡಿತು. ನೆಲಕ್ಕೆ ಕಟ್ಟಿದ್ದ ಹಾರುಬಂಡಿ ಕೊಂಡಿಗಳ ಸಮೇತ ಅಲುಗಾಡಿತು. ಎಲ್ಲರೂ ಚಹಾದ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತರು.

ನಾಲ್ಕೂ ಕಾಲಿಗೆ ಹಸಿರು ದೀಪ ಹತ್ತಿತು. “ಬೆಳವಲಕೊಪ್ಪದ ಹುಡುಗಿ ಉಳಿದಿದ್ದಾಳೆ. ಮೈಲಾರಪ್ಪ ಅವರು ಚುಚ್ಚುಮದ್ದನ್ನು ರಸ್ತೆಗೆ ತರಿಸಿ ಹದಿನೆಂಟು ನಿಮಿಷ ಉಳಿಸಿದರು.” ಅಷ್ಟು ಹೇಳಿ ದೀಪ ಆರಿತು.

ದ್ಯಾಮವ್ವ ಎರಡೂ ಕೈಯೆತ್ತಿ ಮುಗಿದಳು. ಗುರುಪಾದಪ್ಪನವರು ಎದ್ದು ಮೈಲಾರಪ್ಪನ ಬೆನ್ನು ತಟ್ಟಲೋ ಬೇಡವೋ ಎಂಬಂತೆ ಒಂದು ಕ್ಷಣ ನಿಂತು, ತಟ್ಟದೆ, ತಗಡು ನೋಡಲು ಹೊರಗೆ ಹೋದರು.

ಸುನಂದಾ ಡಬ್ಬಿಯ ಮುಂದೆಯೇ ನಿಂತಿದ್ದಳು. ಹೊರಗೆ ಬೇಲಿಗೆ ಸಿಕ್ಕ ತಗಡು ಇನ್ನೂ ಪಟಪಟ ಬಡಿಯುತ್ತಿತ್ತು.

“ಇದು ನನ್ನ ಹೆಸರ ಎಷ್ಟ ಸಲ ಹೇಳಿರಬೇಕು ದಾವಲಣ್ಣ?”

“ನೂರರ ಮ್ಯಾಲ ಆಗಿರಬೇಕಲವಾ.”

“ಇವತ್ತ ನಾನು, ಮೈಲಾರಪ್ಪ ಇಬ್ಬರೂ ಆ ಗಾಳಿಯೊಳಗ ಇರತಿದ್ವಿ. ಇಲ್ಲಿ ಜೀವಂತ ನಿಂತೀವಿ. ಅದಕ್ಕ ಇದು ಯಾರ ಹೆಸರ ಹೇಳಿತು?”

ಸುನಂದಾ ತಾನು ಬರೆದ ಹಾಳೆಯನ್ನು ಮತ್ತೆ ಓದಿದಳು. ಆಮೇಲೆ ಕಪಾಟಿನಿಂದ ಉಳಿದ ಇಪ್ಪತ್ಮೂರನ್ನೂ ತೆಗೆದು, ಧಾರವಾಡಕ್ಕೆ ಫೋನು ಮಾಡಿದಳು.

ವಿಮಲಾ ಅವರು ಮರುದಿನ ಬೆಳಗ್ಗೆಯೇ ಬಂದರು. ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕ ತೆಗೆದು, ತಲೆಗೆ ಕೈ ಹಚ್ಚಿಕೊಂಡು ಕೂತುಬಿಟ್ಟರು.

“ನನ್ನ ತಪ್ಪು,” ಎಂದರು. “ಯಂತ್ರ ಶುರುವಾಗೂದೇ ಒಂದು ಒಳ್ಳೇದು ಆದ ಮ್ಯಾಲ. ಆಗದ ಅಪಘಾತಕ್ಕ ಅದು ಶುರುವೇ ಆಗೂದಿಲ್ಲ. ಅದರ ಮ್ಯಾಲ, ಅದಕ್ಕ ಕೈ ಮಾಡಿದ ಕೆಲಸ ಅಷ್ಟೇ ಕಾಣ್ತದ. ‘ಬ್ಯಾಡ’ ಅನ್ನೂದು ಅದಕ್ಕ ಕೆಲಸ ಅನಸೂದಿಲ್ಲ. ಆ ಮಾತು ತಗದ್ರ ಬಂಡಿ ನೆಲದ ಮ್ಯಾಲೇ ಇರ್ತದ ಅಂತ ತಿಳೀತದ. ಎದ್ದು ಹೋಗ್ತಿತ್ತು ಅನ್ನೂದು ಅದಕ್ಕ ಹೊಳಿಯೂದಿಲ್ಲ.”

“ಈಗ ಹೊಳಿಯೂ ಹಂಗ ಮಾಡಾಕ ಬರತೈತೇನ್ರಿ?” ಎಂದಳು ಸುನಂದಾ.

“ಗಣನೆ ತಿರುವಿ ಹಾಕಬೇಕು. ಮಾಡಿದ್ದನ್ನ ತಗಿಯೂದಲ್ಲ, ತಡದದ್ದನ್ನ ಸೇರಿಸೂದು. ಮೂರು ದಿನ ಹಿಡೀತದ.”

ಮೂರು ದಿನ ಅವರು ಠಾಣೆಯಲ್ಲೇ ಉಳಿದರು. ಆಯಾ ದಿನದ ಗಾಳಿ, ಧೂಳು, ಬ್ಯಾಟರಿಯ ಬಲ ಎಲ್ಲವನ್ನೂ ತುಂಬಿ, ತಡೆದ ಒಂದೊಂದು ಹಾರಾಟವನ್ನೂ ಹತ್ತು ಸಾವಿರ ಸಲ ಹಾರಿಸಿ ನೋಡಿದರು. ಫಲ ಬಂದ ಸಂಜೆ ಗುರುಪಾದಪ್ಪನವರ ಕೋಣೆಯಲ್ಲಿ ಎಲ್ಲರೂ ಸೇರಿದರು.

ಇಪ್ಪತ್ನಾಲ್ಕರಲ್ಲಿ ಹತ್ತೊಂಬತ್ತು ಹಾರಾಟಗಳು ಏನೂ ಆಗದೆ ಹೋಗಿ ಬರುತ್ತಿದ್ದವು. ಸುನಂದಾ ಬರೆದದ್ದು ಸರಿಯಾಗಿಯೇ ಇತ್ತು. ನಾಲ್ಕು ಹಾರಾಟಗಳಲ್ಲಿ ಬಂಡಿ ಬೀಳುತ್ತಿತ್ತು. ಆ ನಾಲ್ಕರಲ್ಲಿ ಮೂರನ್ನು ನಡೆಸಬೇಕಾಗಿದ್ದವಳು ಅವಳೇ. ಮೈಲಾರಪ್ಪ ಎರಡರಲ್ಲಿದ್ದ.

“ಉಳಿದದ್ದೊಂದು?” ಎಂದ ದಾವಲಸಾಬ.

ವಿಮಲಾ ಅವರು ಗುರುಪಾದಪ್ಪನವರ ಮುಖ ನೋಡಿದರು. ಹೇಳಬೇಕೋ ಬೇಡವೋ ಎಂದು ತಡವರಿಸಿದರು.

“ರೋಣದ ಆ ಹಿರಿಯರದ್ದು,” ಎಂದು ಗುರುಪಾದಪ್ಪನವರೇ ಅಂದರು. “ಎದಿನೋವು. ರಸ್ತೆದಾಗ ತೀರಿಕೊಂಡ್ರು. ಹೇಳ್ರಿ.”

“ಏಳು ಸಾವಿರ ಸಲ ಬಂಡಿ ಹೋಗಿ ಬಂತ್ರಿ. ಮೂರು ಸಾವಿರ ಸಲ ಬಿತ್ತು.”

ಗುರುಪಾದಪ್ಪನವರು ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತ ಹೇಳಿದರು. “ಪ್ರತಿ ವರ್ಷ ಆ ಮನಿಗೆ ಹೋಗಿ ಬರತೀನಿ. ಅವರ ಮಗಳು ಚಹಾ ಕೊಡತಾಳ. ಏನೂ ಕೇಳೂದಿಲ್ಲ. ಹತ್ತರಾಗ ಮೂರ ಸಲ ಬೀಳತೈತಿ ಅಂದ್ರ ನಾ ಇವತ್ತೂ ತಡೀತೀನಿ. ಆದ್ರ ಹೋಗೂದು ಬಿಡಾಕಾಗೂದಿಲ್ಲ.”

ಅವರ ಬಗ್ಗೆ ಇಷ್ಟು ಸಂಗತಿ ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದ್ಯಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುನಂದಾ ಎದ್ದು ಬಂದು ಅವರ ಮುಂದೆ ನಿಂತಳು.

“ಸರ್, ಮೂರು ಸಲ,” ಎಂದಳು. “ನನ್ನ ಮಗಳು ಈಗ ಎರಡನೇ ಕ್ಲಾಸ್ ಓದಾಕತ್ಯಾಳ್ರಿ.” ಅಷ್ಟೇ ಹೇಳಿ ಬಗ್ಗಿ ಅವರ ಕಾಲು ಮುಟ್ಟಿದಳು.

“ಏ, ಏನಿದು, ಏಳು,” ಎಂದು ಅವರು ಗಾಬರಿಯಾಗಿ ಕುರ್ಚಿಯಿಂದ ಎದ್ದರು. ಎದ್ದವರು ಎಲ್ಲಿ ನೋಡಬೇಕೆಂದು ತಿಳಿಯದೆ ಗಡಿಯಾರ ನೋಡಿದರು. “ಎರಡನೇ ಬಂಡಿ ಬ್ಯಾಟರಿ ಹಚ್ಚಿಲ್ಲಲ ಇನ್ನ?” ಎಂದರು. ಎಲ್ಲರೂ ನಕ್ಕರು. ಅವರ ಕಣ್ಣು ತುಂಬಿದ್ದನ್ನು ಎಲ್ಲರೂ ನೋಡಿದ್ದರು.

ನಾಲ್ಕು ಹಾಳೆಗಳನ್ನೂ ಹೊಸ ಗಣನೆಯನ್ನೂ ಎಂಟು ಸಹಿಗಳ ಜೊತೆ ಕೇಂದ್ರ ಕಚೇರಿಗೆ ಕಳಿಸಿದರು. ಹಾಳೆಗಳ ಮೇಲಿನ ತನ್ನ ಆಕ್ಷೇಪಗಳನ್ನು ಸುನಂದಾ ಅಳಿಸಲಿಲ್ಲ. ಕೆಳಗೆ, “ನಾನು ಬರೆದದ್ದು ತಪ್ಪು. ಈ ತಪ್ಪು ಬರೆಯಲು ನಾನು ಬದುಕಿರುವುದಕ್ಕೆ ಕಾರಣ ಠಾಣಾಧಿಕಾರಿಗಳು,” ಎಂದು ಸೇರಿಸಿದಳು. ಹೊರಡುವ ದಿನಕ್ಕೆ ಒಂದು ದಿನ ಮೊದಲು ಆದೇಶ ರದ್ದಾಯಿತು. ಉಳಿದ ಹತ್ತು ಠಾಣೆಗಳ ಆದೇಶಗಳೂ ಅದರ ಜೊತೆಗೇ ರದ್ದಾದವು.

ಎರಡು ತಿಂಗಳ ನಂತರ ವಿಮಲಾ ಅವರು ಹೊಸ ಡಬ್ಬಿ ಹಿಡಿದುಕೊಂಡು ಬಂದರು. ಇದು ಆದದ್ದನ್ನೂ ಹೇಳುತ್ತದೆ, ಆಗದಂತೆ ತಡೆದದ್ದನ್ನೂ ಹೇಳುತ್ತದೆ. ಇನ್ನು ಯಾರ ಉಪಕಾರವೂ ತಪ್ಪಿಸಿಕೊಳ್ಳಲಾರದು. ಅವರು ಸಂಭ್ರಮದಿಂದ ಅದನ್ನು ವಿವರಿಸಿದರು. ಕೇಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬ್ಯಾಡ್ರಿ ಬಾಯಾರ,” ಎಂದ ದಾವಲಸಾಬ ಕೊನೆಗೆ.

“ಯಾಕ್ರಿ? ಇದು ಪೂರ್ತಿ ಅದ.”

“ಅದಕ್ಕಽ ಬ್ಯಾಡ ಅಂದೆ. ಎಲ್ಲಾ ಇದಽ ಹೇಳಿದ್ರ ನಾವೇನ್ ಹೇಳೂನ್ರಿ? ಹಳೇದು ಇರಲಿ. ಅದಕ್ಕ ಕಾಣದ್ದನ್ನ ನಾವು ನೋಡತೀವಿ. ಮುಂಜಾನೆ ಹಾಜರಿ ಹೊತ್ತಿನಾಗ ಒಂದ್ ತಾಸು ಅದರ ಬಾಯಿ ಬಂದ್ ಮಾಡಾಕ ಬರೂದಾದ್ರ ಅಷ್ಟ ಮಾಡಿಕೊಡ್ರಿ.”

ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಯಂತ್ರದ ಕೊರತೆಯೇ ಬೇಕೆಂದು ಕೇಳಿದವರು ವಿಮಲಾ ಅವರಿಗೆ ಸಿಕ್ಕಿರಲಿಲ್ಲ. ಹೊಸ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಹಳೆಯದರ ಬಾಯಿ ಮುಚ್ಚಿ ತೆರೆಯಲು ಕೈಯಲ್ಲಿ ಹಿಡಿಯುವ ಗುಂಡಿಯೊಂದನ್ನು ಮಾಡಿಕೊಟ್ಟು, ಮರುದಿನದ ಹಾಜರಿಯನ್ನು ನೋಡಿಯೇ ಹೋಗುವುದೆಂದು ಉಳಿದರು.

ಬೆಳಗಿನ ಏಳು ಗಂಟೆಗೆ ಎಲ್ಲರೂ ಇಳಿದಾಣದ ಪಕ್ಕದಲ್ಲಿ ಸಾಲಾಗಿ ನಿಂತರು. ಯಾರು ಮೊದಲು ಬಾಯಿ ತೆರೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಗುರುಪಾದಪ್ಪನವರು ಗಂಟಲು ಸರಿಪಡಿಸಿಕೊಂಡರು.

“ದಾವಲಸಾಬ.”

“ಹೇಳ್ರಿ ಸಾಹೇಬ್ರ.” ಹಳೆಯ ಅಭ್ಯಾಸದಿಂದ ಅವನು ಏನು ತಪ್ಪಾಯಿತೋ ಎಂದು ನೆಟ್ಟಗೆ ನಿಂತ.

“ಒಂದನೇ ಬಂಡಿ ಬಾಗಲದ ಕೀಲು ಒಂದ್ ವಾರದಿಂದ ಕಿರ್ ಅಂತಿತ್ತು. ಒಳಗ ಮಲಗಿದ ಪೇಷೆಂಟಿಗೆ ತ್ರಾಸ್ ಆಕ್ಕಿತ್ತು. ನಿನ್ನೆ ನೀ ಅದಕ್ಕ ಎಣ್ಣಿ ಹಾಕಿದ್ದು...” ಅವರ ಕಿವಿಗಳು ಕೆಂಪಾದವು. “ಚಲೋ ಆತು.”

ದಾವಲಸಾಬ ತಲೆ ಕೆರೆದುಕೊಂಡ. “ನಾ ಹಾಕಿಲ್ರಿ. ನಿನ್ನೆ ನನಗ ರಜಾ ಇತ್ತು.”

ಸಾಲಿನಲ್ಲಿ ನಗೆ ತಡೆಯಲು ನೋಡಿದರು, ಆಗಲಿಲ್ಲ. ಗುರುಪಾದಪ್ಪನವರೂ ನಕ್ಕರು. “ಹಂಗಾರ ಯಾರ್ ಹಾಕಿದ್ದು?”

ಎಲ್ಲರೂ ಅಕ್ಕಪಕ್ಕದವರನ್ನು ನೋಡಿದರು. ವಿಮಲಾ ಅವರ ಕೈ ತಾನಾಗಿ ಜೇಬಿನಲ್ಲಿದ್ದ ಡಬ್ಬಿಯ ಗುಂಡಿಯ ಕಡೆ ಹೋಯಿತು. “ತಡೀರಿ ಮೇಡಂ,” ಎಂದಳು ಸುನಂದಾ. “ನಾವಽ ಹುಡುಕತೀವಿ.”

ಎಲ್ಲರೂ ಗುಂಪಾಗಿ ಬಂಡಿಯ ಬಳಿ ಹೋದರು. ದಾವಲಸಾಬ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿದ. ಸದ್ದಿಲ್ಲ. ಕೀಲಿಗೆ ಬೆರಳು ಸವರಿ ಮೂಗಿಗೆ ಹಿಡಿದ.

“ಇದು ನಮ್ಮ ಶೆಡ್ಡಿನ ಎಣ್ಣಿ ಅಲ್ರಿ. ಕುಸಬಿ ಎಣ್ಣಿ! ಯಾರದೋ ಅಡಗಿಮನಿದು.”

ಗುರುಪಾದಪ್ಪನವರು ಗುಂಪಿನ ಒಂದು ತುದಿಯಿಂದ ಶುರು ಮಾಡಿ, ಗಂಭೀರವಾದ ಮುಖದಿಂದ, ಒಬ್ಬೊಬ್ಬರ ಕೈ ಹಿಡಿದು ಮೂಸಿ ನೋಡತೊಡಗಿದರು. ಮೈಲಾರಪ್ಪನ ಕೈ ಔಷಧದ ವಾಸನೆ ಹೊಡೆಯಿತು. ಸುನಂದಾ ನಗುತ್ತ ಎರಡೂ ಅಂಗೈ ಮುಂದೆ ಚಾಚಿದಳು. ದ್ಯಾಮವ್ವ ಮಾತ್ರ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಲ್ಲರ ಬೆನ್ನ ಹಿಂದೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದಳು.